ಬಣ್ಣದ ಕೊಕ್ಕರೆ ಮತ್ತು ಹಳದಿ ಕೊರಳಿನ ಪಿಕಳಾರ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಈ ಎರಡು ಹಕ್ಕಿಗಳ ಬಗ್ಗೆ ರೈತರು, ಮೇಷ್ಟ್ರುಗಳು, ವಿದ್ಯಾರ್ಥಿಗಳು, ಬೆಟ್ಟ ಹತ್ತಲು ಬರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಅವರ ಮಾತನ್ನು ತಿದ್ದದೆ ಹಾಗೇ ಇಟ್ಟಿದ್ದೇವೆ. ಸುಲಭದ ಪ್ರಶ್ನೆಗಳು ಮೊದಲು, ಗಣತಿ ಮತ್ತು ಯೋಜನೆಯ ಪ್ರಶ್ನೆಗಳು ಕೊನೆಗೆ.

## ಮೊದಲ ಪರಿಚಯ

ಕೊಕ್ಕರೆಗೂ ಪಿಕಳಾರಕ್ಕೂ ಏನ್ ಸಂಬಂಧ? ಎರಡನ್ನೂ ಯಾಕೆ ಜೊತೇಲಿ ಹೇಳ್ತೀರಿ?

ವಂಶದಲ್ಲಿ ಯಾವ ಸಂಬಂಧವೂ ಇಲ್ಲ. ಬಣ್ಣದ ಕೊಕ್ಕರೆಯ ಗಣದಲ್ಲಿ ಕೊಕ್ಕರೆಗಳು ಮಾತ್ರ ಇವೆ. ಪಿಕಳಾರವು ಗುಬ್ಬಿ, ಕಾಗೆ, ಮಡಿವಾಳ ಹಕ್ಕಿಗಳಿರುವ ಗಣಕ್ಕೆ ಸೇರಿದ್ದು. ಪ್ರಪಂಚದ ಹಕ್ಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಗಣದಲ್ಲೇ ಇವೆ. ಒಂದು ಸುಮಾರು ಒಂದು ಮೀಟರ್ ಎತ್ತರ ನಿಲ್ಲುತ್ತದೆ, ಇನ್ನೊಂದು ಕೊಕ್ಕಿನಿಂದ ಬಾಲದ ತುದಿಯವರೆಗೆ 20 ಸೆಂಟಿಮೀಟರ್. ಒಂದಕ್ಕೆ ಮೀನು, ಇನ್ನೊಂದಕ್ಕೆ ಹಣ್ಣು ಮತ್ತು ಹುಳ.

ಆದರೂ ಒಟ್ಟಿಗೆ ಹೇಳಬೇಕಾಗಿದೆ. ತುಮಕೂರು ಜಿಲ್ಲೆಯೊಂದರಲ್ಲೇ ಕಗ್ಗಲಡುವಿನ ಹುಣಸೆ ಮರದ ಮೇಲೆ ಕೊಕ್ಕರೆ ಗೂಡು ಕಟ್ಟುತ್ತದೆ, ದೇವರಾಯನದುರ್ಗದ ಬಂಡೆಗಳ ಸಂದಿಯ ಪೊದೆಯಲ್ಲಿ ಪಿಕಳಾರ ಬದುಕುತ್ತದೆ. ಕೊಕ್ಕರೆಯನ್ನು ಎಲ್ಲರೂ ಬಲ್ಲರು, ಅದರ ಹೆಸರಲ್ಲಿ ಫಲಕ ಇದೆ, ಸುದ್ದಿ ಇದೆ. ಹೆಚ್ಚು ಅಪಾಯದಲ್ಲಿರುವುದು ಪಿಕಳಾರ, ಅದರ ಹೆಸರನ್ನೇ ಕೇಳಿದವರು ಕಡಿಮೆ. ಹಕ್ಕಿ ರಕ್ಷಣೆ ಎಂದರೆ ಕೆರೆ ಮತ್ತು ಗೂಡಿನ ಮರ ಎಂದಷ್ಟೇ ಅಂದುಕೊಂಡರೆ ನಮ್ಮ ಕಲ್ಲುಗುಡ್ಡಗಳ ಹಕ್ಕಿಗೆ ಯಾರೂ ದಿಕ್ಕಿಲ್ಲದಂತಾಗುತ್ತದೆ.

ನಮ್ಮ ಕೆರೇಲಿ ಬೆಳ್ಳಗಿರೋ ಹಕ್ಕಿ ಬೇಜಾನ್ ಇವೆ. ಅವೆಲ್ಲಾ ಬಣ್ಣದ ಕೊಕ್ಕರೇನಾ?

ಬಹುಪಾಲು ಬೆಳ್ಳಕ್ಕಿ ಇರುತ್ತವೆ. ಕೊಕ್ಕನ್ನು ಮೊದಲು ನೋಡಿ. ಬಣ್ಣದ ಕೊಕ್ಕರೆಯ ಕೊಕ್ಕು ದಪ್ಪ, ಹಳದಿ, ತುದಿಯಲ್ಲಿ ಸ್ವಲ್ಪ ಕೆಳಕ್ಕೆ ಬಾಗಿರುತ್ತದೆ. ಮುಖದಲ್ಲಿ ಪುಕ್ಕವಿಲ್ಲ, ಕಿತ್ತಳೆ ಬಣ್ಣದ ಬರಿ ಚರ್ಮ. ಎದೆಗೆ ಅಡ್ಡಲಾಗಿ ಕಪ್ಪು ಬಿಳುಪಿನ ಪಟ್ಟಿ, ರೆಕ್ಕೆ ಮಡಚಿದಾಗ ಬಾಲದ ಹತ್ತಿರ ಗುಲಾಬಿ ಗರಿ. ಆ ಗುಲಾಬಿ ದೂರಕ್ಕೆ ಕಾಣದಿದ್ದರೂ ಎದೆಪಟ್ಟಿ ಕಾಣುತ್ತದೆ.

ಹಾರುವಾಗ ಕೊರಳು ಮುಂದಕ್ಕೆ ಚಾಚಿದ್ದರೆ ಕೊಕ್ಕರೆ ಅಥವಾ ಕೆಂಬರಲು. ಕೊರಳನ್ನು ಮಡಚಿ ಹೆಗಲೊಳಗೆ ಇಟ್ಟುಕೊಂಡಿದ್ದರೆ ಬಕ ಅಥವಾ ಬೆಳ್ಳಕ್ಕಿ. ಕೆಂಬರಲಿನ ತಲೆಯೂ ಕೊಕ್ಕೂ ಕಪ್ಪು. ಬಾಯ್ಕಳಕ ಕೊಕ್ಕರೆ ಇನ್ನೂ ಚಿಕ್ಕದು, ಕೊಕ್ಕಿನ ನಡುವೆ ಸಂದು ಇರುತ್ತದೆ. ಮಂಕು ಕಂದು ಬಣ್ಣದ ದೊಡ್ಡ ಕೊಕ್ಕರೆ ಕಂಡರೆ ಬೇರೆ ಜಾತಿ ಎಂದು ಬರೆದುಕೊಳ್ಳಬೇಡಿ, ಅದು ಬಣ್ಣದ ಕೊಕ್ಕರೆಯದೇ ಮರಿ. ಪೂರ್ತಿ ಬಣ್ಣ ಬರಲು ಕೆಲವು ವರ್ಷ ಬೇಕು.

ನಂದಿ ಬೆಟ್ಟದಲ್ಲಿ ಹಳದಿ ಪಿಕಳಾರ ನೋಡ್ದೆ ಅನ್ಸುತ್ತೆ. ಅದೇ ಅಂತ ಹೇಗೆ ಖಚಿತ ಮಾಡ್ಕೊಳ್ಳೋದು?

ಜುಟ್ಟು ಇದೆಯಾ ನೋಡಿ. ಚೂಪು ಕಪ್ಪು ಜುಟ್ಟಿದ್ದರೆ ಕೆಮ್ಮೀಸೆ ಪಿಕಳಾರ. ತಲೆ ಕಪ್ಪಗಿದ್ದು ಬಾಲದ ಬುಡ ಕೆಂಪಾಗಿದ್ದರೆ ಮನೆ ಸುತ್ತ ಕಾಣುವ ಮಾಮೂಲಿ ಪಿಕಳಾರ. ಹಳದಿ ಕೊರಳಿನದಕ್ಕೆ ಎದ್ದು ನಿಲ್ಲುವ ಜುಟ್ಟಿಲ್ಲ. ತಲೆ ಹಸಿರು ಮಿಶ್ರಿತ ಹಳದಿ, ಕೊರಳು ಅಚ್ಚ ಹಳದಿ, ಎದೆ ಹೊಟ್ಟೆ ಬೂದು, ಬಾಲದ ಕೆಳಬುಡ ಮತ್ತೆ ಹಳದಿ.

ಜನ ನಿಜವಾಗಿ ಎಡವುವುದು ಬಿಳಿಹುಬ್ಬಿನ ಪಿಕಳಾರದ ಹತ್ತಿರ. ಅದೂ ಅದೇ ಪೊದೆಗಳಲ್ಲಿ ಇರುತ್ತದೆ, ಅದಕ್ಕೂ ಬಾಲದ ಬುಡದಲ್ಲಿ ಹಳದಿ ಛಾಯೆ ಇದೆ. ಕಣ್ಣಿನ ಮೇಲೆ ಬಿಳಿ ಹುಬ್ಬು ಇದ್ದರೆ ಅದು ಬಿಳಿಹುಬ್ಬಿನದು. ಹುಬ್ಬಿಲ್ಲದೆ, ಹಾರುವಾಗ ಬಾಲದ ತುದಿ ಹಳದಿ ಬಿಳುಪಾಗಿ ಹೊಳೆದರೆ ನೀವು ನೋಡಿದ್ದು ಹಳದಿ ಕೊರಳಿನದೇ. ಬೆಳಗಿನ ಎಳೆಬಿಸಿಲು ಎಲೆಯ ಮೇಲೆ ಬಿದ್ದು ಎಲ್ಲ ಹಕ್ಕಿಯ ಎದೆಯೂ ಹಳದಿಯಾಗಿ ಕಾಣುವುದುಂಟು. ಅದಕ್ಕೆ ಕೊರಳೊಂದನ್ನೇ ನಂಬದೆ ತಲೆ, ಹುಬ್ಬು, ಬಾಲದ ತುದಿ ಮೂರನ್ನೂ ನೋಡಿ.

ಕಗ್ಗಲಡುಗೆ ಬರೋ ಕೊಕ್ಕರೆ ಸೈಬೀರಿಯಾದಿಂದ ಬರ್ತವಂತೆ, ಹೌದಾ?

ಅಲ್ಲ. ಈ ಹಕ್ಕಿ ಸೈಬೀರಿಯಾದಲ್ಲಿ ಇಲ್ಲ, ಆಸ್ಟ್ರೇಲಿಯಾದಲ್ಲೂ ಇಲ್ಲ. ಪಾಕಿಸ್ತಾನ, ಭಾರತ, ಶ್ರೀಲಂಕಾದಿಂದ ಕಾಂಬೋಡಿಯಾ, ವಿಯೆಟ್ನಾಂವರೆಗೆ ಇರುವ ಹಕ್ಕಿ ಇದು. ನೀರು, ಮೀನು ಎಲ್ಲಿದೆಯೋ ಅಲ್ಲಿಗೆ ಕೆರೆಯಿಂದ ಕೆರೆಗೆ ಹೋಗುತ್ತದೆ, ಗೂಡು ಕಟ್ಟುವ ಕಾಲಕ್ಕೆ ಗೊತ್ತಾದ ಮರಗಳಿಗೆ ಸೇರುತ್ತದೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ನಮ್ಮ ಕೆರೆಗಳಿಗೆ ಬರುವುದು ಪಟ್ಟೆತಲೆ ಹೆಬ್ಬಾತು. ಆ ಕತೆಯನ್ನು ಯಾರೋ ಕೊಕ್ಕರೆಗೆ ಅಂಟಿಸಿದ್ದಾರೆ.

ಇದು ಬರೀ ಮಾಹಿತಿಯ ತಪ್ಪಲ್ಲ. 'ಎಲ್ಲಿಂದಲೋ ಬರುವ ಅತಿಥಿ' ಎಂದುಕೊಂಡರೆ ಆಗಸ್ಟ್‌ನಲ್ಲಿ ಗೂಡು ಬಿಟ್ಟು ಹೋದಮೇಲೆ ನಮ್ಮ ಜವಾಬ್ದಾರಿ ಮುಗಿಯಿತು ಅನ್ನಿಸುತ್ತದೆ. ಉಳಿದ ತಿಂಗಳುಗಳಲ್ಲೂ ಅದು ನಮ್ಮ ಬಯಲುಸೀಮೆಯ ಕೆರೆಗಳಲ್ಲೇ ಮೇಯುವ ಹಕ್ಕಿ.

ಎಲ್ಲಿ, ಯಾವಾಗ ಹೋದ್ರೆ ಎರಡೂ ಕಾಣ್ತವೆ?

ಕೊಕ್ಕರೆಗೆ ಶಿರಾ ತಾಲ್ಲೂಕಿನ ಕಗ್ಗಲಡು. ಜನವರಿ, ಫೆಬ್ರವರಿ ಹೊತ್ತಿಗೆ ಬರಲು ಶುರುವಾಗಿ ಆಗಸ್ಟ್ ತನಕ ಇರುತ್ತವೆ, ಜೊತೆಗೆ ಬೂದು ಬಕಗಳೂ ಗೂಡು ಕಟ್ಟುತ್ತವೆ. ಗೌರಿಬಿದನೂರು, ಬಾಗೇಪಲ್ಲಿ ಕಡೆಯವರಿಗೆ ಗಡಿಯಾಚೆ ಆಂಧ್ರದ ವೀರಾಪುರವೂ ಹತ್ತಿರ, ಅಲ್ಲಿಯೂ ಊರೊಳಗಿನ ಮರಗಳಲ್ಲೇ ಗೂಡು. ಪಿಕಳಾರಕ್ಕೆ ನಂದಿ ಬೆಟ್ಟ ಮತ್ತು ದೇವರಾಯನದುರ್ಗ. ಬೆಳಿಗ್ಗೆ ಒಂಬತ್ತರೊಳಗೆ, ಹಣ್ಣು ಬಿಟ್ಟ ಗೋಣಿ ಅಥವಾ ಅತ್ತಿ ಮರದ ಹತ್ತಿರ ಸದ್ದಿಲ್ಲದೆ ನಿಂತರೆ ಅದೇ ಬರುತ್ತದೆ. ಹುಡುಕಿಕೊಂಡು ಪೊದೆಯೊಳಗೆ ನುಗ್ಗಿದರೆ ಬರೀ ದನಿ ಕೇಳಿಸಿಕೊಂಡು ವಾಪಸ್ ಬರಬೇಕಾಗುತ್ತದೆ.

## ಬದುಕುವ ರೀತಿ

ಕೆರೆ ತುಂಬಿದ್ರೆ ಕೊಕ್ಕರೆ ಜಾಸ್ತಿ ಬರಬೇಕಲ್ವಾ? ಕೋಡಿ ಬಿದ್ದ ವರ್ಷ ನಮ್ಮ ಕೆರೇಲಿ ಒಂದೂ ಕಾಣಲ್ಲ.

ಅದು ಮೀನು ಹಿಡಿಯುವ ರೀತಿ ತಿಳಿದರೆ ಇದು ಅರ್ಥವಾಗುತ್ತದೆ. ಬಕ ಕಣ್ಣಿಟ್ಟು ನೋಡಿ ತಿವಿಯುತ್ತದೆ. ಬಣ್ಣದ ಕೊಕ್ಕರೆ ನೋಡಿ ಹಿಡಿಯುವುದಿಲ್ಲ, ಮುಟ್ಟಿ ಹಿಡಿಯುತ್ತದೆ. ಕೊಕ್ಕನ್ನು ಅರ್ಧ ತೆರೆದು ನೀರಿಗಿಳಿಸಿ, ಆ ಕಡೆ ಈ ಕಡೆ ಆಡಿಸುತ್ತ, ಕಾಲಲ್ಲಿ ಕೆಸರು ಕೆದಕುತ್ತ ನಡೆಯುತ್ತದೆ. ಮೀನು ಕೊಕ್ಕಿಗೆ ತಾಗಿದ ಕೂಡಲೇ ಫಟ್ಟನೆ ಮುಚ್ಚುತ್ತದೆ. ನೀರು ಕದಡಿದ್ದರೂ ನಡೆಯುತ್ತದೆ, ಆದರೆ ಆಳ ಇರಬಾರದು. ಸುಮಾರು ಗೇಣುದ್ದ ನೀರು, ಅದರಲ್ಲಿ ಸಣ್ಣ ಮೀನು ಒತ್ತೊತ್ತಾಗಿ ಇರಬೇಕು.

ಕೆರೆ ಏರಿಯವರೆಗೆ ತುಂಬಿದಾಗ ಮೀನು ಇಡೀ ಕೆರೆಗೆ ಹರಡಿಕೊಂಡಿರುತ್ತದೆ, ಕೊಕ್ಕರೆ ನಿಲ್ಲುವಷ್ಟು ತೆಳುನೀರು ಅಂಚಿನಲ್ಲಿ ಮಾತ್ರ. ಮಳೆ ನಿಂತು ನೀರು ಹಿಂದಕ್ಕೆ ಸರಿಯುತ್ತ ಹೋದಂತೆ ಮೀನು ಗುಂಡಿಗಳಲ್ಲಿ ಸೇರಿಕೊಳ್ಳುತ್ತದೆ. ಆಗ ಬರುತ್ತವೆ. ನಮ್ಮ ಕಡೆ ಗೂಡಿನ ಕಾಲ ಮಳೆಗಾಲ ಕಳೆದ ಮೇಲೆ ಬೀಳುವುದಕ್ಕೂ ಇದೇ ಕಾರಣ. ಆದರೆ ತುಂಬಿದ ವರ್ಷ ದಂಡವಲ್ಲ, ಆ ವರ್ಷದ ನೀರಿನಲ್ಲಿ ಬೆಳೆದ ಮೀನೇ ಬೇಸಿಗೆಯ ಮರಿಗಳ ಹೊಟ್ಟೆ ತುಂಬಿಸುವುದು. ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದರೆ ಮರದ ಮೇಲೆ ಗೂಡು ಕಡಿಮೆ, ಕಟ್ಟಿದ ಗೂಡಲ್ಲೂ ಕಡೆಯ ಮರಿ ಹಸಿವಿನಿಂದ ಸಾಯುತ್ತದೆ.

ಇದರಿಂದ ಕೆಲಸದ ಮಾತು ಒಂದಿದೆ. ಹೂಳೆತ್ತುವಾಗ ಕೆರೆಯನ್ನು ಬಾಣಲೆಯ ಹಾಗೆ ಇಳಿಜಾರಾಗಿ ಬಿಡಬೇಕು. ಸುತ್ತ ನೆಟ್ಟಗೆ ಕಲ್ಲು ಕಟ್ಟಿ, ಒಳಗೆ ಒಂದೇ ಆಳಕ್ಕೆ ತೋಡಿದರೆ ನೀರು ನಿಲ್ಲುತ್ತದೆ, ಕೊಕ್ಕರೆಗೆ ಕಾಲಿಡಲು ಜಾಗ ಇರುವುದಿಲ್ಲ.

ಇಷ್ಟೊಂದು ಮರ ಇದ್ರೂ ಊರೊಳಗಿನ ಹುಣಸೆ ಮರಾನೇ ಯಾಕೆ ಬೇಕು?

ಹುಣಸೆ ಕೊಂಬೆ ಗಟ್ಟಿ, ಅಡ್ಡಡ್ಡ ಹರಡುತ್ತದೆ, ಒಂದೇ ಮರ ಹಲವು ಗೂಡುಗಳ ಭಾರ ತಡೆಯುತ್ತದೆ. ಕಡ್ಡಿಯ ಅಗಲ ಹಾಸಿನ ಮೇಲೆ ಎರಡು ಮೂರು ದೊಡ್ಡ ಮರಿ, ಒಂದು ದೊಡ್ಡ ಹಕ್ಕಿ ನಿಂತರೂ ಕೊಂಬೆ ಬಾಗಬಾರದು. ಎರಡನೆಯದು ರಕ್ಷಣೆ. ಕೊಕ್ಕರೆಗಳು ನೀರಿನ ನಡುವಿನ ಮರವನ್ನು ಇಷ್ಟಪಡುವುದೇ ಬೆಕ್ಕು, ಹಾವು, ಮನುಷ್ಯರು ಹತ್ತಿರ ಬರದಿರಲಿ ಎಂದು. ಅಂಥ ಮರ ಇಲ್ಲದ ಕಡೆ, ಜನ ಕಲ್ಲು ಹೊಡೆಯದ ಊರು ಆ ಕೆಲಸ ಮಾಡುತ್ತದೆ. ಊರು ಒಂದೆರಡು ವರ್ಷ ಕಿರುಕುಳ ಕೊಟ್ಟರೆ ಎಷ್ಟೇ ಒಳ್ಳೆ ಮರವಿದ್ದರೂ ಬಿಟ್ಟುಹೋಗುತ್ತವೆ.

ಪಿಕಳಾರಕ್ಕೆ ಬಂಡೆ ಯಾಕೆ ಬೇಕು? ಕಾಡಿದ್ರೆ ಸಾಲ್ದಾ?

ದಟ್ಟ ಕಾಡಿನಲ್ಲಿ ಅದು ಇರುವುದಿಲ್ಲ, ಬೋಳು ಬಯಲಿನಲ್ಲೂ ಇರುವುದಿಲ್ಲ. ಕಡಿದಾದ ಕಲ್ಲುಗುಡ್ಡ, ಬಂಡೆಗಳ ನಡುವೆ ಕುರುಚಲು, ಅಲ್ಲಲ್ಲಿ ಹಣ್ಣಿನ ಮರ ಈ ಮೂರೂ ಕೂಡಿದ ಕಡೆ ಮಾತ್ರ ಅದರ ಬದುಕು. ಬಂಡೆಯ ಸಂದಿಯಲ್ಲಿ ಮಣ್ಣು, ತೇವ ನಿಂತು ಗೋಣಿ, ಬಸರಿ ಬೇರು ಬಿಟ್ಟಿರುತ್ತವೆ. ಸುತ್ತ ಕಾರೆ, ಸೂರಿಮುಳ್ಳು, ಲಂಟಾನ. ಒಂದರ ಹಣ್ಣು ಮುಗಿಯುವ ಹೊತ್ತಿಗೆ ಇನ್ನೊಂದು ಹಣ್ಣಾಗುತ್ತದೆ. ಹೆದರಿದರೆ ಬಂಡೆಯ ಮರೆಗೆ ಜಾರುತ್ತದೆ. ಹಾಗಾಗಿ ಒಂದು ಗುಡ್ಡದ ಕಲ್ಲು ತೆಗೆದು, ಆಮೇಲೆ ಗಿಡ ನೆಟ್ಟು ಸರಿಮಾಡುತ್ತೇವೆ ಎನ್ನುವುದು ಈ ಹಕ್ಕಿಯ ಮಟ್ಟಿಗೆ ಆಗದ ಮಾತು. ಗಿಡ ಮತ್ತೆ ಬೆಳೆದೀತು, ಬಂಡೆ ಬೆಳೆಯುವುದಿಲ್ಲ.

## ಅಪಾಯದ ಪಟ್ಟಿಗಳು, ಕಾನೂನು

ಕೆಂಪುಪಟ್ಟಿಯಲ್ಲಿ ಎರಡರ ಸ್ಥಾನ ಏನು? ಪರೀಕ್ಷೆಗೆ ಬೇಕು.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಮಾಡುವ ಕೆಂಪುಪಟ್ಟಿಯಲ್ಲಿ ಹಳದಿ ಕೊರಳಿನ ಪಿಕಳಾರ 'ವಲ್ನರಬಲ್' ವರ್ಗದಲ್ಲಿದೆ. ಅಪಾಯದ ಮೂರು ವರ್ಗಗಳಲ್ಲಿ ಇದು ಮೊದಲ ಮೆಟ್ಟಿಲು. ಇದರ ಮೇಲೆ 'ಎಂಡೇಂಜರ್ಡ್', ಅದರ ಮೇಲೆ 'ಕ್ರಿಟಿಕಲಿ ಎಂಡೇಂಜರ್ಡ್'. ನಮ್ಮ ರಾಜ್ಯದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಆ ಕೊನೆಯ ವರ್ಗದಲ್ಲಿದೆ.

ಬಣ್ಣದ ಕೊಕ್ಕರೆ ಈ ಮೂರೂ ವರ್ಗಗಳ ಹೊರಗಿದೆ. ಬಹಳ ವರ್ಷ ಅದನ್ನು 'ನಿಯರ್ ಥ್ರೆಟನ್ಡ್', ಅಂದರೆ ಅಪಾಯಕ್ಕೆ ಹತ್ತಿರ, ಎಂದು ಇಟ್ಟಿದ್ದರು; ಹಳೆಯ ಪುಸ್ತಕ, ಫಲಕಗಳಲ್ಲಿ ಹಾಗೇ ಇರುತ್ತದೆ. ಪಟ್ಟಿ ಆಗಾಗ ಪರಿಷ್ಕರಣೆಯಾಗುವುದರಿಂದ ಉತ್ತರ ಬರೆಯುವಾಗ ಯಾವ ವರ್ಷದ ಮೌಲ್ಯಮಾಪನ ಎಂದು ಸೇರಿಸುವ ಅಭ್ಯಾಸ ಮಾಡಿಕೊಳ್ಳಿ.

ನಂದೀಲಿ ಹೋದಾಗೆಲ್ಲಾ ಸಿಗುತ್ತೆ ಅಂತಾರೆ. ಹಂಗಿದ್ರೆ ಅದು ಅಪರೂಪದ ಹಕ್ಕಿ ಹೇಗಾಯ್ತು?

ಪಟ್ಟಿ ಮಾಡುವವರು ಒಂದು ಜಾಗದಲ್ಲಿ ಎಷ್ಟು ಸುಲಭವಾಗಿ ಕಾಣುತ್ತದೆ ಎಂದು ನೋಡುವುದಿಲ್ಲ. ಪ್ರಪಂಚದಲ್ಲಿ ಒಟ್ಟು ಎಷ್ಟಿವೆ, ಎಷ್ಟು ವೇಗದಲ್ಲಿ ಕಡಿಮೆಯಾಗುತ್ತಿವೆ, ಎಷ್ಟು ತುಂಡು ಜಾಗಗಳಲ್ಲಿ ಹಂಚಿಹೋಗಿವೆ ಎಂದು ನೋಡುತ್ತಾರೆ. ಹತ್ತು ವರ್ಷ ಅಥವಾ ಮೂರು ಪೀಳಿಗೆಗಳಲ್ಲಿ, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟರಲ್ಲಿ, ಶೇಕಡ 30ಕ್ಕಿಂತ ಹೆಚ್ಚು ಇಳಿದರೆ ವಲ್ನರಬಲ್. ಅಥವಾ ಮರಿ ಮಾಡುವ ವಯಸ್ಸಿನ ಹಕ್ಕಿಗಳು 10,000ಕ್ಕಿಂತ ಕಡಿಮೆ ಇದ್ದು, ಅವೂ ಸಣ್ಣ ಸಣ್ಣ ಗುಂಪುಗಳಾಗಿ ಇಳಿಯುತ್ತಿದ್ದರೂ ವಲ್ನರಬಲ್. ಪಿಕಳಾರ ಈ ಎರಡನೆಯ ದಾರಿಯಲ್ಲಿ ಪಟ್ಟಿ ಸೇರಿದೆ.

ಈ ಹಕ್ಕಿ ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಇಲ್ಲಿಯೂ ಒಂದು ಗುಡ್ಡ, ನಡುವೆ ಹೊಲ, ಊರು, ರಸ್ತೆ, ಮತ್ತೆ ಒಂದು ಗುಡ್ಡ. ಒಂದು ಗುಡ್ಡದ ಗುಂಪು ಹಾಳಾದರೆ ಪಕ್ಕದ ಗುಡ್ಡದಿಂದ ಬಂದು ತುಂಬಿಕೊಳ್ಳುವುದು ಕಷ್ಟ. ಬಣ್ಣದ ಕೊಕ್ಕರೆಗೆ ಆ ತೊಂದರೆ ಕಡಿಮೆ: ಒಂದು ಕೆರೆ ಬತ್ತಿದರೆ ಹಾರಿ ಇನ್ನೊಂದಕ್ಕೆ ಹೋಗುತ್ತದೆ, ರಾಜಸ್ಥಾನದ ಭರತ್‌ಪುರದಿಂದ ಶ್ರೀಲಂಕಾದವರೆಗೆ ಅದರ ಗೂಡಿನ ತಾಣಗಳಿವೆ. ಕಗ್ಗಲಡು ಬಿಟ್ಟುಹೋದರೆ ನಮಗೆ ದೊಡ್ಡ ನಷ್ಟ, ಆ ಜಾತಿಗೆ ಸಣ್ಣ ಪೆಟ್ಟು. ನಂದಿ, ದೇವರಾಯನದುರ್ಗದಂಥ ನಾಲ್ಕು ಬೆಟ್ಟ ಹಾಳಾದರೆ ಆ ಪೆಟ್ಟು ಇಡೀ ಜಾತಿಗೇ ಬೀಳುತ್ತದೆ.

'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ಅಂತ ಇನ್ನೊಂದು ಪಟ್ಟಿ ಇದೆಯಲ್ಲ, ಅದೂ ಇದೂ ಒಂದೇನಾ?

ಬೇರೆ. ಕೆಂಪುಪಟ್ಟಿ ಇಡೀ ಪ್ರಪಂಚದ ಲೆಕ್ಕ. 2023ರ ಭಾರತದ ವರದಿ ಹಕ್ಕಿ ವೀಕ್ಷಕರು ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಈಬರ್ಡ್‌ಗೆ ಹಾಕಿದ ಪಟ್ಟಿಗಳಿಂದ 942 ಜಾತಿಗಳನ್ನು ಪರಿಶೀಲಿಸಿ, 178 ಜಾತಿಗಳಿಗೆ ಹೆಚ್ಚಿನ ಸಂರಕ್ಷಣಾ ಆದ್ಯತೆ ಬೇಕೆಂದಿತು. ಪ್ರಪಂಚದ ಮಟ್ಟಿಗೆ ಕ್ಷೇಮವಾಗಿರುವ ಹಕ್ಕಿ ಭಾರತದಲ್ಲಿ ಇಳಿಯುತ್ತಿರಬಹುದು. ಆದ್ದರಿಂದ ಎರಡನ್ನೂ ನೋಡಬೇಕು, ಒಂದರ ವರ್ಗವನ್ನು ಇನ್ನೊಂದರ ಹೆಸರಲ್ಲಿ ಬರೆಯಬಾರದು.

ಮರ ನಮ್ಮದು, ಜಮೀನು ನಮ್ಮದು. ಗೂಡಿರೋ ಕೊಂಬೆ ಕಡಿದ್ರೆ ಕೇಸ್ ಆಗುತ್ತಾ?

ಆಗಬಹುದು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಸಂರಕ್ಷಿತ ಹಕ್ಕಿಯ ಮೊಟ್ಟೆ ತೆಗೆಯುವುದು, ಮೊಟ್ಟೆ ಅಥವಾ ಗೂಡಿಗೆ ಹಾನಿ ಮಾಡುವುದು ಕೂಡ 'ಬೇಟೆ'ಯೇ. ಮರ ಯಾರದ್ದು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಪ್ರಾಣಿಪಕ್ಷಿಗಳ ರಕ್ಷಣೆಗೆ ಎರಡು ಅನುಸೂಚಿಗಳಷ್ಟೇ ಉಳಿದಿವೆ. ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಂದನೇ ಅನುಸೂಚಿಯ ಜೀವಿಯಾದರೆ ಕನಿಷ್ಠ ಮೂರು, ಗರಿಷ್ಠ ಏಳು ವರ್ಷ ಜೈಲು, ದಂಡ 25,000ಕ್ಕೆ ಕಡಿಮೆಯಿಲ್ಲ. ಕೊಂಬೆ ಮನೆ ಮೇಲೆ ಬೀಳುವ ಹಾಗಿದ್ದರೆ ಫೋಟೋ ಸಮೇತ ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಡಿ, ಮರಿ ಹಾರಿದ ಮೇಲೆ ಕಡಿಯಿರಿ.

## ಊರಿನಲ್ಲಿ ಮಾಡಬಹುದಾದ ಕೆಲಸ

ಗೂಡಿಂದ ಮರಿ ಕೆಳಗೆ ಬಿದ್ದಿದೆ. ಏನ್ ಮಾಡೋದು?

ಮೊದಲು ನಾಯಿಗಳನ್ನು ದೂರ ಓಡಿಸಿ. ಮರಿಯ ಮೇಲೆ ಒದ್ದೆಯಲ್ಲದ ದಪ್ಪ ಟವೆಲ್ ಅಥವಾ ಗೋಣಿತಾಟು ಹಾಕಿ, ರೆಕ್ಕೆ ಮೈಗೆ ಸೇರಿರುವ ಹಾಗೆ ಎರಡು ಕೈಯಲ್ಲಿ ಎತ್ತಿ. ಕೊಕ್ಕು ನಿಮ್ಮ ಮುಖದಿಂದ ದೂರ ಇರಲಿ. ಹೆದರಿದ ಕೊಕ್ಕರೆ ಮರಿ ಕಣ್ಣಿಗೇ ತಿವಿಯುತ್ತದೆ. ಅಗಲದ ಬುಟ್ಟಿಯೊಳಗೆ ಒಣಹುಲ್ಲು ಹಾಸಿ, ನೆರಳಲ್ಲಿ, ಜನ ಸೇರದ ಕಡೆ ಇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ಊರು, ಮರ ಇರುವ ಜಾಗ, ಬಿದ್ದ ಹೊತ್ತು ಹೇಳಿ.

ಬಾಯಿಗೆ ನೀರು ಹಿಂಡಬೇಡಿ. ನಾಲಿಗೆಯ ಬುಡದಲ್ಲೇ ಉಸಿರಿನ ದಾರಿ ಇರುವುದರಿಂದ ನೀರು ಶ್ವಾಸಕೋಶಕ್ಕೆ ಹೋಗಿ ಮರಿ ಸಾಯುತ್ತದೆ. ಬಿದ್ದ ಪೆಟ್ಟಿನಿಂದ ಬದುಕಿಕೊಂಡ ಮರಿ ಹೀಗೆ ಹೋಗುವುದುಂಟು. ಹಾಲು, ಅನ್ನ, ಬ್ರೆಡ್ಡು ಬೇಡ. ಇಲಾಖೆಯವರು ಬರುವುದು ತಡವಾದರೆ ಬೆರಳುದ್ದದ ಹಸಿ ಮೀನನ್ನು ಬುಟ್ಟಿಯೊಳಗೆ ಇಡಿ, ತಾನೇ ಎತ್ತಿಕೊಂಡರೆ ಸರಿ, ತುರುಕಬೇಡಿ.

ಒಂದೇ ಸಲ ಹಲವು ಹಕ್ಕಿ ಸತ್ತು ಬಿದ್ದಿದ್ದರೆ ಮುಟ್ಟಲೇಬೇಡಿ. ಹಕ್ಕಿಜ್ವರ ಇರಬಹುದು, ಕೀಟನಾಶಕವೂ ಇರಬಹುದು. ಮಕ್ಕಳನ್ನು, ಕೋಳಿಗಳನ್ನು ದೂರ ಇಟ್ಟು ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ತಿಳಿಸಿ.

ಪಿಕಳಾರದ ಮರಿ ವಿಷಯ ಬೇರೆ. ಪಿಕಳಾರಗಳ ಮರಿ ಎರಡು ವಾರದೊಳಗೆ, ಸರಿಯಾಗಿ ಹಾರಲು ಬರುವ ಮೊದಲೇ ಗೂಡು ಬಿಡುತ್ತದೆ. ಪುಕ್ಕ ಬಂದ ಮರಿ ಪೊದೆಯ ಬುಡದಲ್ಲಿ ಕೂತಿದ್ದರೆ ಅದು ಅನಾಥವಲ್ಲ, ತಾಯಿ ಹತ್ತಿರದಲ್ಲೇ ಇದೆ. ಸುಮ್ಮನೆ ಅಲ್ಲಿಂದ ಹೊರಡಿ.

ಹುಣಸೆ ಹಣ್ಣು ಕೊಯ್ಯೋ ಟೈಮಿಗೇ ಕೊಕ್ಕರೆ ಬರ್ತವೆ. ಹಿಕ್ಕೆ ಬಿದ್ದು ಹಣ್ಣೆಲ್ಲ ಹಾಳು. ನಮ್ಮ ನಷ್ಟ ಯಾರು ಕೊಡ್ತಾರೆ?

ನ್ಯಾಯವಾದ ಪ್ರಶ್ನೆ. ಊರಿನವರ ಹೊಟ್ಟೆಯ ಮೇಲೆ ಭಾರ ಹಾಕಿ ಹಕ್ಕಿ ಉಳಿಸುವುದು ಹೆಚ್ಚು ದಿನ ನಡೆಯುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಗೂಡಿರುವ ಮರಗಳ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಇದೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೂ ಆಯಿತು. ಅದೇ ಮಾದರಿ ಕೇಳಿ ಗ್ರಾಮ ಪಂಚಾಯಿತಿ ನಿರ್ಣಯದೊಂದಿಗೆ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಅರ್ಜಿ ಹಾಕಬೇಕು. ಅರ್ಜಿಯ ಜೊತೆ ಪಹಣಿ, ಪ್ರತಿ ಮರದ ಫೋಟೋ, ಮರಕ್ಕೆ ಎಷ್ಟು ಗೂಡು, ಗೂಡಿಲ್ಲದ ವರ್ಷ ಎಷ್ಟು ಹಣ್ಣು ಬರುತ್ತಿತ್ತು ಎಂಬ ಲೆಕ್ಕ ಇದ್ದರೆ ತಿರಸ್ಕರಿಸುವುದು ಕಷ್ಟ.

ಅಲ್ಲಿಯವರೆಗೆ ಎರಡು ಉಪಾಯ. ಹಕ್ಕಿ ಮೊದಲು ಕೂರುವ ಮರಗಳು ಯಾವುವೆಂದು ಊರಿಗೆ ಗೊತ್ತಿರುತ್ತದೆ. ಆ ಮರಗಳ ಹಣ್ಣನ್ನು ಮುಂಚೆ ಬಡಿದು ಮುಗಿಸಿ. ಮೊಟ್ಟೆ ಇಟ್ಟ ಮೇಲೆ ಗಳುವಿನಿಂದ ಬಡಿಯಬೇಡಿ. ತಾಯಿ ಹಾರಿದರೆ ಬಿಸಿಲಿಗೆ ಮೊಟ್ಟೆ ಬೇಯುತ್ತದೆ, ಕಾಗೆ ಹದ್ದುಗಳು ಕಾದು ಕೂತಿರುತ್ತವೆ. ಮೊಟ್ಟೆಗೆ ಕಾವು ಸುಮಾರು 30 ದಿನ, ಮರಿ ಗೂಡಲ್ಲಿರುವುದು ಸುಮಾರು 60 ದಿನ. ಒಟ್ಟು ಮೂರು ತಿಂಗಳು ಆ ಮರವನ್ನು ಬಿಡಬೇಕು.

ಇನ್ನೊಂದು, ಹಿಕ್ಕೆಯನ್ನು ಗೊಬ್ಬರ ಮಾಡುವುದು. ಮರದಡಿ ಕೆರೆಗೋಡನ್ನು ಹರಡಿ ಬಿಡಿ. ಹಿಕ್ಕೆ, ಮೀನಿನ ಚೂರು ಬಿದ್ದು ಬೆರೆಯಲಿ. ಹಕ್ಕಿ ಹೋದ ಮೇಲೆ ಕೆರೆದು ತೆಗೆದು, ತಿಪ್ಪೆಯಲ್ಲಿ ಕೊಳೆಸಿ ಹೊಲಕ್ಕೆ ಹಾಕಿ. ಕೊಳೆಸದೆ ಹಸಿಯಾಗಿ ಹಾಕಿದರೆ ಎಳೆ ಪೈರು ಸುಟ್ಟ ಹಾಗಾಗುತ್ತದೆ. ಗೋಡು ಹರಡಿದ ಕಡೆ ವಾಸನೆಯೂ ಕಡಿಮೆ.

ಕರೆಂಟ್ ತಂತಿಗೆ ತಗುಲಿ ಕೊಕ್ಕರೆ ಸಾಯ್ತಾ ಇವೆ. ಯಾರಿಗೆ ಹೇಳೋದು?

ಇದರ ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರ್ ಅಗಲ. ಎರಡು ತಂತಿಗೆ ಒಟ್ಟಿಗೆ ತಾಗಿದರೆ ಮುಗಿಯಿತು. ಹೊಸದಾಗಿ ಹಾರಲು ಕಲಿಯುವ ಮರಿಗಳು ಹೆಚ್ಚು ಸಿಕ್ಕಿಕೊಳ್ಳುತ್ತವೆ. ಮೂರೂ ಜಿಲ್ಲೆ ಬೆಸ್ಕಾಂಗೆ ಸೇರಿವೆ, 1912ಕ್ಕೆ ದೂರು ಕೊಟ್ಟು ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಶಾಖಾ ಕಚೇರಿಗೆ ಕಂಬದ ಸಂಖ್ಯೆ, ದಿನಾಂಕ, ಫೋಟೋ ಸೇರಿಸಿ ಲಿಖಿತವಾಗಿ ಕೊಡಿ, ಒಂದು ಪ್ರತಿ ಅರಣ್ಯ ಇಲಾಖೆಗೆ. 'ಹಕ್ಕಿ ಉಳಿಸಿ' ಎಂದಷ್ಟೇ ಬರೆಯದೆ ಗೂಡಿನ ಮರದ ಪಕ್ಕದ ಇಂಥ ಎರಡು ಕಂಬಗಳ ನಡುವೆ ಹೊದಿಕೆ ತಂತಿ ಹಾಕಿ, ಕೆರೆ ಅಡ್ಡ ಹೋಗುವ ತಂತಿಗೆ ಹೊಳೆಯುವ ಬಿಲ್ಲೆ ಕಟ್ಟಿ ಎಂದು ಕೇಳಿ. ಕೆಲಸ ಏನೆಂದು ಸ್ಪಷ್ಟವಿದ್ದರೆ ಅಂದಾಜುಪಟ್ಟಿ ಬೇಗ ತಯಾರಾಗುತ್ತದೆ. ಸತ್ತ ಹಕ್ಕಿಯನ್ನು ತೆಗೆಯಲು ನೀವೇ ಕಂಬ ಹತ್ತಬೇಡಿ.

ಜೂನ್‌ನಲ್ಲಿ ಬೆಟ್ಟಕ್ಕೆ ಬೀಜದುಂಡೆ ಎಸೀತೀವಿ. ಪಿಕಳಾರಕ್ಕೆ ಒಳ್ಳೇದಾಗುತ್ತಲ್ವಾ?

ಯಾವ ಬೀಜ ಎನ್ನುವುದರ ಮೇಲಿದೆ. ನೀಲಗಿರಿ, ಅಕೇಶಿಯಾ ಬೆಳೆದರೆ ಬೆಟ್ಟ ಹಸಿರಾಗಿ ಕಾಣುತ್ತದೆ, ಪಿಕಳಾರಕ್ಕೆ ತಿನ್ನಲು ಏನೂ ಇರುವುದಿಲ್ಲ. ಕಾರೆ, ಕವಳಿ, ಸೂರಿಯಂಥ ಹಣ್ಣಿನ ಪೊದೆಗಳ ಬೀಜ ಹಾಕಿ, ಅದೂ ತಪ್ಪಲಿನಲ್ಲಿ, ಈಗಾಗಲೇ ಹಾಳಾದ ಜಾಗದಲ್ಲಿ. ಗೋಣಿ, ಬಸರಿ ಬೇಕಾದರೆ ಬೀಜದುಂಡೆ ಉಪಯೋಗವಿಲ್ಲ. ಆಳೆತ್ತರದ, ತೋಳುಗಾತ್ರದ ಕೊಂಬೆಯನ್ನು ಮುಂಗಾರಿನ ಮೊದಲ ಮಳೆಗೆ ನೆಡಿ, ಮೇಲ್ತುದಿಗೆ ಸಗಣಿ ಮೆತ್ತಿ, ದನ ಮೇಯದಂತೆ ಮುಳ್ಳು ಕಟ್ಟಿ. ಬಂಡೆ ನಡುವಿನ ಬೋಳು ಹುಲ್ಲಿನ ಜಾಗವನ್ನು ಗಿಡದಿಂದ ತುಂಬಲು ಹೋಗಬೇಡಿ, ಅದು ಖಾಲಿ ಜಾಗವಲ್ಲ.

ಲಂಟಾನ ತೆಗೆಯುವ ಅಭಿಯಾನಕ್ಕೂ ಇದೇ ಮಾತು. ಲಂಟಾನ ಹೊರಗಿನ ಕಳೆ ನಿಜ, ಆದರೆ ಅದರ ಹಣ್ಣನ್ನು ಪಿಕಳಾರಗಳು ತಿನ್ನುತ್ತವೆ, ಅದರ ಪೊದೆಯಲ್ಲಿ ಅಡಗುತ್ತವೆ. ಒಂದು ಇಳಿಜಾರನ್ನೇ ಒಂದು ವಾರದಲ್ಲಿ ಬೋಳು ಮಾಡದೆ, ಸಣ್ಣ ಪಟ್ಟಿಗಳಲ್ಲಿ ಬುಡಸಮೇತ ತೆಗೆದು, ಅಲ್ಲಿ ಕಾರೆ ಕವಳಿ ಎದ್ದ ಮೇಲೆ ಮುಂದಿನ ಪಟ್ಟಿಗೆ ಹೋಗಿ.

ಇದೆಲ್ಲಕ್ಕಿಂತ ದೊಡ್ಡ ಉಪಕಾರ ಬೆಂಕಿ ತಡೆಯುವುದು. ಜನವರಿಯಿಂದ ಮುಂಗಾರಿನವರೆಗೆ ಒಂದು ಬೀಡಿ ತುಂಡು ಸಾಕು, ಇಡೀ ಬೆಟ್ಟದ ಹಣ್ಣಿನ ಪೊದೆ ಹೋಗುತ್ತದೆ. ಹೊಸ ಹುಲ್ಲಿಗಾಗಿ ಬೆಂಕಿ ಹಚ್ಚುವ ಊರುಗಳಲ್ಲಿ ಡಿಸೆಂಬರ್‌ನಲ್ಲೇ ಕುರಿ ಕಾಯುವವರ ಜೊತೆ ಕೂತು ಮಾತಾಡಿ. ಫಲಕದಿಂದ ಆಗದ್ದು ಅದರಿಂದ ಆಗುತ್ತದೆ.

ನಮ್ಮ ಊರ ಗುಡ್ಡ ಕ್ವಾರಿಗೆ ಕೊಡ್ತಾರಂತೆ. ಅಲ್ಲಿ ಈ ಹಕ್ಕಿ ಇದೆ. ತಡೆಯೋಕಾಗುತ್ತಾ?

ಹಕ್ಕಿ ಇದೆ ಎಂದ ಮಾತ್ರಕ್ಕೆ ಗಣಿ ಗುತ್ತಿಗೆ ತಾನಾಗಿ ನಿಲ್ಲುವುದಿಲ್ಲ. ದಾಖಲೆ ಬೇಕು, ಅದೂ ಗುತ್ತಿಗೆಗೆ ಮೊದಲು. ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿ, ಗೋಮಾಳವೋ, ಸರ್ಕಾರಿ ಖರಾಬೋ, ಅರಣ್ಯವೋ ನೋಡಿ. ಅರಣ್ಯವಲ್ಲದ ಕಲ್ಲುಗುಡ್ಡಗಳೇ ಮೊದಲು ಹೋಗುವುದು. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಇರಲೇಬೇಕು. ಅದರ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಈ ಹಕ್ಕಿಯನ್ನು ದಿನಾಂಕ, ಫೋಟೋ, ಜಾಗದೊಂದಿಗೆ ಬರೆಸಿ. ಅದೇ ಕಾಯ್ದೆಯಡಿ ಜೀವವೈವಿಧ್ಯ ಪಾರಂಪರಿಕ ತಾಣ ಘೋಷಿಸಲು ಅವಕಾಶವಿದೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಅಂಥ ತಾಣವಾಯಿತು. ಆಕ್ಷೇಪಣೆಯನ್ನು ತಹಶೀಲ್ದಾರ್, ಗಣಿ ಮತ್ತು ಭೂವಿಜ್ಞಾನ ಇಲಾಖೆ, ಅರಣ್ಯ ಇಲಾಖೆ ಮೂವರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ.

ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ಕೋಲಾರದ ಕೆರೆಗಳಲ್ಲಿ ಕೊಕ್ಕರೆ ಹೆಚ್ಚಾಗಬೇಕಲ್ವಾ?

ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಬತ್ತಿದ್ದ ಕೆರೆಯಲ್ಲಿ ನೀರು, ಮೀನು ಬಂದಿದ್ದು ನೀರುಹಕ್ಕಿಗಳಿಗೆ ಒಳ್ಳೆಯದೇ. ಆದರೆ ವರ್ಷವಿಡೀ ಒಂದೇ ಮಟ್ಟದಲ್ಲಿ ತುಂಬಿರುವ ಕೆರೆಯಲ್ಲಿ ಮುಳುಗುವ ಹಕ್ಕಿಗಳಿಗೆ ಅನುಕೂಲ ಹೆಚ್ಚು, ತೆಳುನೀರಲ್ಲಿ ನಡೆದು ಮೇಯುವ ಕೊಕ್ಕರೆಗೆ ಕಡಿಮೆ. ಪೋಷಕಾಂಶ ಹೆಚ್ಚಿದ ನೀರಲ್ಲಿ ಜೊಂಡು, ಅಂತರಗಂಗೆ ಬೆಳೆದು ಅಂಚು ಮುಚ್ಚಿದರೆ ಕೊಕ್ಕು ಆಡಿಸಲೂ ಜಾಗವಿಲ್ಲ. ಕೆರೆಯ ಒಂದು ಬದಿಯ ಅಂಚನ್ನಾದರೂ ಕಳೆ ತೆಗೆದು ಇಳಿಜಾರಾಗಿ ಇಟ್ಟುಕೊಳ್ಳಬೇಕು.

## ಗಣತಿ ಮತ್ತು ಮುಂದಿನ ಕೆಲಸ

ಕಾಲೇಜ್ ಮಕ್ಕಳ ಕೈಲಿ ಗೂಡು ಎಣಿಸಬೇಕು. ಸರಿಯಾದ ವಿಧಾನ ಏನು?

ಹಕ್ಕಿ ಎಣಿಸಬೇಡಿ, ಗೂಡು ಎಣಿಸಿ. ಹಕ್ಕಿ ಮೇಯಲು ಹೋಗಿ ಬರುತ್ತಿರುತ್ತದೆ, ಗೂಡು ಅಲ್ಲೇ ಇರುತ್ತದೆ. ಮೊದಲು ಊರಿನ ನಕ್ಷೆ ಬರೆದು ಪ್ರತಿ ಮರಕ್ಕೆ ಸಂಖ್ಯೆ ಕೊಡಿ, ಮೊಳೆ ಹೊಡೆಯದೆ ಕಾಗದದಲ್ಲೇ. ಪ್ರತಿ ಮರಕ್ಕೂ ನಿಲ್ಲುವ ಜಾಗ ಗೊತ್ತುಮಾಡಿ, ಪ್ರತಿ ಸಲವೂ ಅಲ್ಲಿಂದಲೇ ನೋಡಿ. ಹುಣಸೆ ಎಲೆ ದಟ್ಟ ಇರುವುದರಿಂದ ಎರಡು ಬದಿಯಿಂದ ನೋಡಬೇಕು. ಎರಡೂ ಬದಿಗೆ ಕಾಣುವ ಗೂಡನ್ನು ಒಂದೇ ಎಂದು ಗುರುತಿಸಲು ಮರದ ರೇಖಾಚಿತ್ರ ಬರೆದುಕೊಳ್ಳಿ.

ಹಕ್ಕಿ ಕೂತಿರುವ, ನಿಂತಿರುವ, ಅಥವಾ ಮರಿ ಕಾಣುವ ಗೂಡು ಮಾತ್ರ ಲೆಕ್ಕಕ್ಕೆ. ಹಳೆ ಕಡ್ಡಿಯ ರಾಶಿ ಬೇಡ. ಬೂದು ಬಕದ ಗೂಡನ್ನು ಬೇರೆ ಕಾಲಂನಲ್ಲಿ ಬರೆಯಿರಿ, ಹೆಚ್ಚು ತಪ್ಪಾಗುವುದು ಅಲ್ಲೇ. ಇಬ್ಬರು ಒಬ್ಬರಿಗೊಬ್ಬರು ಹೇಳದೆ ಎಣಿಸಿ, ಆಮೇಲೆ ಹೋಲಿಸಿ. ವ್ಯತ್ಯಾಸ ದೊಡ್ಡದಿದ್ದರೆ ಮತ್ತೆ ಎಣಿಸಿ, ಸರಾಸರಿ ತೆಗೆದು ಮುಚ್ಚಿಹಾಕಬೇಡಿ. ಹದಿನೈದು ದಿನಕ್ಕೊಮ್ಮೆ ಎಣಿಸಿದರೆ ಆ ವರ್ಷದ ಗರಿಷ್ಠ ಸಂಖ್ಯೆ ಸಿಗುತ್ತದೆ. ಒಂದೇ ದಿನದ ಎಣಿಕೆಯನ್ನು ಹಿಂದಿನ ವರ್ಷದ ಬೇರೆ ತಿಂಗಳ ಎಣಿಕೆಗೆ ಹೋಲಿಸಿ 'ಕಡಿಮೆಯಾಗಿದೆ' ಎನ್ನುವಂತಿಲ್ಲ. ಡ್ರೋನ್ ಹಾರಿಸಬೇಡಿ. ಕೆರೆಗಳಲ್ಲಿನ ಹಕ್ಕಿಗಳ ಲೆಕ್ಕಕ್ಕೆ ಜನವರಿಯ ಏಷ್ಯನ್ ನೀರುಹಕ್ಕಿ ಗಣತಿಯಲ್ಲಿ ಸೇರಿಕೊಳ್ಳಬಹುದು.

ಪಿಕಳಾರ ಅಡಗಿರುತ್ತಲ್ಲ, ಮೊಬೈಲಲ್ಲಿ ಅದರ ಕೂಗು ಹಾಕಿ ಕರೆಸಿ ಎಣಿಸಬಹುದಾ?

ಬೇಡ. ಇನ್ನೊಂದು ಹಕ್ಕಿ ತನ್ನ ಜಾಗಕ್ಕೆ ನುಗ್ಗಿದೆ ಎಂದುಕೊಂಡು ಅದು ಮೇವು, ಗೂಡು ಬಿಟ್ಟು ಬರುತ್ತದೆ. ನಂದಿಯಂಥ ಕಡೆ ದಿನವೂ ಜನ ಇದನ್ನೇ ಮಾಡಿದರೆ ಅದಕ್ಕೆ ನೆಮ್ಮದಿ ಎಲ್ಲಿ? ಎಣಿಕೆಯೂ ಕೆಡುತ್ತದೆ, ಒಂದೇ ಹಕ್ಕಿ ಹಿಂದೆ ಬಂದು ಎರಡು ಸಲ ಲೆಕ್ಕಕ್ಕೆ ಸೇರುತ್ತದೆ.

ಒಂದು ದಾರಿ ಆರಿಸಿ, 200 ಮೀಟರಿಗೊಂದು ನಿಲುಗಡೆ ಗುರುತಿಸಿ. ಸೂರ್ಯ ಹುಟ್ಟಿದ ಅರ್ಧ ಗಂಟೆಯಿಂದ ಒಂಬತ್ತರೊಳಗೆ ಪ್ರತಿ ನಿಲುಗಡೆಯಲ್ಲಿ ಹತ್ತು ನಿಮಿಷ ನಿಂತು ಕಂಡದ್ದು, ಕೇಳಿದ್ದು ಬೇರೆ ಬೇರೆ ಬರೆಯಿರಿ. ಜೊತೆಗೆ ಬಂಡೆ, ಪೊದೆ, ಹಣ್ಣು ಬಿಟ್ಟ ಗಿಡ, ಬೆಂಕಿಯ ಗುರುತು ದಾಖಲಿಸಿ. ಹಕ್ಕಿ ಸಿಗದ ನಿಲುಗಡೆಯನ್ನೂ ಬರೆಯಲೇಬೇಕು, ಸೊನ್ನೆ ಇಲ್ಲದ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ. ಗೂಡಿನ ಫೋಟೋ, ಗೂಡಿನ ಜಾಗ ಯಾರಿಗೂ ಕಳಿಸಬೇಡಿ.

ಒಂದೇ ಯೋಜನೆಗೆ ದುಡ್ಡಿದೆ ಅಂತಿಟ್ಕೊಳ್ಳಿ. ಕೊಕ್ಕರೆಗೋ, ಪಿಕಳಾರಕ್ಕೋ?

ತುಮಕೂರು, ಚಿಕ್ಕಬಳ್ಳಾಪುರದ ಮಟ್ಟಿಗೆ ನಮ್ಮ ಉತ್ತರ ಪಿಕಳಾರ. ಕೊಕ್ಕರೆಗೆ ಬೇಕಾದ್ದರಲ್ಲಿ ಬಹುಪಾಲು ಬೇರೆ ಬಾಬ್ತಿನಲ್ಲೇ ಆಗುತ್ತದೆ: ಕೆರೆ ಹೂಳೆತ್ತಲು, ತಂತಿ ಸರಿಪಡಿಸಲು, ಮರದ ಪರಿಹಾರಕ್ಕೆ ಇಲಾಖೆಗಳಲ್ಲಿ ದಾರಿಗಳಿವೆ, ಒತ್ತಾಯಿಸುವ ಊರೂ ಇದೆ. ಕಲ್ಲುಗುಡ್ಡದ ಹಕ್ಕಿಗೆ ಅರ್ಜಿ ಬರೆಯುವವರೇ ಇಲ್ಲ.

ದುಡ್ಡು ಗೋಪುರ, ಫಲಕ, ಬೆಂಚುಗಳಿಗೆ ಹೋಗಬಾರದು. ಮೊದಲ ವರ್ಷ ಯಾವ ಯಾವ ಗುಡ್ಡದಲ್ಲಿ ಹಕ್ಕಿ ಇದೆ, ಆ ಗುಡ್ಡದ ಸರ್ವೆ ನಂಬರ್ ಏನು, ಯಾರ ಹೆಸರಲ್ಲಿದೆ ಎಂಬ ಪಟ್ಟಿ ಮಾಡಿಸಿ. ಎರಡನೇ ವರ್ಷದಿಂದ ಜನವರಿಗೆ ಮುಂಚೆ ಬೆಂಕಿರೇಖೆ ತೆಗೆಯಲು, ಬೇಸಿಗೆ ಮುಗಿಯುವ ತನಕ ಬೆಟ್ಟ ಕಾಯಲು ಆಯಾ ಊರಿನವರಿಗೇ ಕೂಲಿ ಕೊಡಿ.